ರೈತರಲ್ಲಿ ದೀರ್ಘಕಾಲದ ಕುತ್ತಿಗೆ ನೋವು: ಕಾರಣಗಳು ಮತ್ತು ಶಸ್ತ್ರಚಿಕಿತ್ಸೆ ಇಲ್ಲದ ಪರಿಹಾರ ಕ್ರಮಗಳು

ನೊಗ ಹೊರುವ ಎತ್ತಿನ ಹೆಗಲಿನಲ್ಲಿ ಬಾವು ಕಾಣಿಸಿಕೊಂಡರೆ ನಮ್ಮ ರೈತರು ಸುಮ್ಮನೆ ಕೂರುವುದಿಲ್ಲ. ನೊಗದ ಒರಟು ಭಾಗವನ್ನು ಹೆರೆದು ನಯ ಮಾಡುತ್ತಾರೆ, ಎತ್ತಿಗೆ ನಾಲ್ಕು ದಿನ ಬಿಡುವು ಕೊಡುತ್ತಾರೆ, ಜೋಡಿ ಎತ್ತುಗಳ ಎತ್ತರ ಸಮವಾಗಿದೆಯೇ ಎಂದು ನೋಡುತ್ತಾರೆ. ಆದರೆ ತಮ್ಮದೇ ಕುತ್ತಿಗೆ ತಿಂಗಳುಗಟ್ಟಲೆ ನೋಯುತ್ತಿದ್ದರೂ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿ ಮತ್ತೆ ಹೊರೆ ಹೊರಲು ಹೋಗುತ್ತಾರೆ. ನೋವು ಹೆಚ್ಚಾದಾಗ ಪಟ್ಟಣಕ್ಕೆ ಬಂದು ಎಕ್ಸ್‌ರೇ ತೆಗೆಸುತ್ತಾರೆ. ವರದಿಯಲ್ಲಿ 'ಸ್ಪಾಂಡಿಲೋಸಿಸ್' ಎಂಬ ಪದ ಕಂಡೊಡನೆ ತಮ್ಮ ಬೇಸಾಯದ ಕಾಲ ಮುಗಿಯಿತೆಂದು ಹೆದರುತ್ತಾರೆ. ನಿರ್ಲಕ್ಷ್ಯ ಮತ್ತು ಹೆದರಿಕೆ, ಎರಡೂ ರೈತನಿಗೆ ನಷ್ಟವನ್ನೇ ತರುತ್ತವೆ.

ಕುತ್ತಿಗೆ ನೋವು ಬಹಳ ವ್ಯಾಪಕವಾದ ತೊಂದರೆ. 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 20 ಕೋಟಿ ಜನರು ಇದರಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಇವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಔಷಧಿಯ ನಿರ್ಧಾರ ವೈದ್ಯರಿಗೆ ಸೇರಿದ್ದು. ಆದರೆ ಕೆಲಸ ಮಾಡುವ ಕ್ರಮವನ್ನು ತಿದ್ದುವುದು ಬೇಸಾಯ ಶಾಸ್ತ್ರಕ್ಕೂ ಸೇರಿದ ವಿಷಯ. ಮೈಸೂರು ಸುತ್ತಲಿನ ಬೇಸಾಯವನ್ನು ಗಮನದಲ್ಲಿಟ್ಟುಕೊಂಡು ಈ ನೋವಿನ ಕಾರಣಗಳನ್ನೂ ಪರಿಹಾರ ಕ್ರಮಗಳನ್ನೂ ಇಲ್ಲಿ ವಿವರಿಸಲಾಗಿದೆ.

ಕುತ್ತಿಗೆಯ ರಚನೆ

ತಲೆಬುರುಡೆಯ ಕೆಳಗೆ ಒಂದರ ಮೇಲೊಂದರಂತೆ ಏಳು ಮೂಳೆಮಣಿಗಳಿವೆ. ಮಣಿಗಳ ನಡುವೆ ಮೆತ್ತೆಯಂತೆ ಕೆಲಸ ಮಾಡುವ ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುತ್ತಾರೆ. ಮಣಿಗಳ ಹಿಂಭಾಗದಲ್ಲಿ ಸಣ್ಣ ಕೀಲುಗಳಿವೆ. ಮಣಿಗಳ ಒಳಗಿನ ಕೊಳವೆಯಲ್ಲಿ ಬೆನ್ನುಹುರಿ ಹಾದುಹೋಗುತ್ತದೆ. ಅದರಿಂದ ಎಂಟು ಜೊತೆ ನರಗಳು ಕವಲೊಡೆಯುತ್ತವೆ. ಕೈಗಳಿಗೆ ಹೋಗುವ ನರಗಳು ಮುಖ್ಯವಾಗಿ ಕುತ್ತಿಗೆಯ ಕೆಳಭಾಗದಿಂದ ಹೊರಡುತ್ತವೆ. ಇವೆಲ್ಲವನ್ನೂ ಸ್ನಾಯುಗಳು ಸುತ್ತಲಿಂದ ಬಿಗಿದು ಹಿಡಿದಿವೆ.

ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ನಿಂತಾಗ ಈ ತೂಕ ಮಣಿಗಳ ಮೇಲೆ ನೇರವಾಗಿ ಕೂರುತ್ತದೆ. ತಲೆ ಮುಂದಕ್ಕೆ ಬಗ್ಗಿದಂತೆಲ್ಲಾ ಅದು ಬೀಳದಂತೆ ಹಿಂಭಾಗದ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ, ತಲೆಯನ್ನು 60 ಡಿಗ್ರಿಯಷ್ಟು ಬಗ್ಗಿಸಿದಾಗ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆ. ತುಂಬಿದ ಕೊಡವನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ, ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ದೀರ್ಘಕಾಲದ ನೋವು ಎಂದರೇನು?

ಮಲಗುವಾಗ ಕತ್ತು ಉಳುಕಿ ಬರುವ ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಮೂರು ತಿಂಗಳಿಗೂ ಮೀರಿ ಉಳಿಯುವ ನೋವನ್ನು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕುತ್ತಿಗೆ, ಹೆಗಲು ಮತ್ತು ತಲೆಯ ಹಿಂಭಾಗಕ್ಕೆ ಸೀಮಿತವಾದ ನೋವು. ಹೆಚ್ಚಿನ ಜನರಲ್ಲಿ ಕಂಡುಬರುವುದು ಇದೇ. ಎರಡನೆಯದು ನರದ ಬೇರು ಒತ್ತಲ್ಪಟ್ಟು ಕೈಗೆ ಇಳಿಯುವ ನೋವು. ಕೈಯಲ್ಲಿ ಜೋಮು ಹಿಡಿದಂತೆ, ಇರುವೆ ಹರಿದಂತೆ ಅಥವಾ ಕರೆಂಟ್ ಹೊಡೆದಂತೆ ಆಗುತ್ತದೆ. ಹೆಬ್ಬೆರಳ ಕಡೆ ಜೋಮು ಬಂದರೆ ಒಂದು ನರ, ನಡುಬೆರಳಿನಲ್ಲಿ ಬಂದರೆ ಇನ್ನೊಂದು, ಕಿರುಬೆರಳಿನಲ್ಲಿ ಬಂದರೆ ಮತ್ತೊಂದು ಎಂದು ವೈದ್ಯರು ಊಹಿಸಬಲ್ಲರು. ಆದುದರಿಂದ ಯಾವ ಬೆರಳಿಗೆ ಜೋಮು ಬರುತ್ತದೆ ಎಂಬುದನ್ನು ಗಮನಿಸಿ ಅವರಿಗೆ ತಿಳಿಸಬೇಕು.

ನೋವಿಗೆ ಕಾರಣಗಳು

1. ತಲೆಹೊರೆ: ಭತ್ತದ ಹೊರೆ, ಹಸಿ ಹುಲ್ಲು, ಕಬ್ಬಿನ ಕಟ್ಟು, ಗೊಬ್ಬರದ ಮಂಕರಿ, ನೀರಿನ ಕೊಡ ಇವೆಲ್ಲವನ್ನೂ ನಾವು ತಲೆಯ ಮೇಲೆಯೇ ಸಾಗಿಸುತ್ತೇವೆ. ನಡುನೆತ್ತಿಯ ಮೇಲೆ ಸರಿಯಾಗಿ ಕೂತ ಹಗುರ ಹೊರೆಯನ್ನು ಕುತ್ತಿಗೆ ತಡೆದುಕೊಳ್ಳುತ್ತದೆ. ಆದರೆ ಹೊರೆ ಒಂದು ಕಡೆಗೆ ವಾಲಿದಾಗ, ಗದ್ದೆಯ ಬದುವಿನ ಮೇಲೆ ಕಾಲು ಜಾರಿದಾಗ, ಹೊರೆ ಹೊತ್ತುಕೊಂಡೇ ತಲೆ ಬಗ್ಗಿಸಿ ನೆಲ ನೋಡಿದಾಗ ಬಿಲ್ಲೆಗಳಿಗೂ ಕೀಲುಗಳಿಗೂ ಪೆಟ್ಟು ಬೀಳುತ್ತದೆ. ಹೊಲದ ಕೆಲಸದ ಜೊತೆಗೆ ನೀರು, ಸೌದೆ, ಹುಲ್ಲು ಹೊರುವ ಹೆಂಗಸರಿಗೆ ಈ ಭಾರ ದಿನಕ್ಕೆ ಹಲವು ಬಾರಿ ಬೀಳುತ್ತದೆ.

2. ಬಗ್ಗಿ ಮಾಡುವ ಕೆಲಸ: ಕಬಿನಿ ಮತ್ತು ವರುಣಾ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ನಾಟಿ ಮತ್ತು ಕಳೆ ಕೀಳುವ ಕೆಲಸ ದಿನವಿಡೀ ಬಗ್ಗಿಯೇ ನಡೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ ಕಡೆ ಹದಮಾಡಿದ ಹೊಗೆಸೊಪ್ಪನ್ನು ವಿಂಗಡಿಸುವವರು ನೆಲದ ಮೇಲೆ ಕುಳಿತು ಗಂಟೆಗಟ್ಟಲೆ ತಲೆ ತಗ್ಗಿಸಿರುತ್ತಾರೆ. ಇಲ್ಲಿ ಹೊರೆ ಇಲ್ಲ, ಆದರೂ ಸ್ನಾಯುಗಳು ಬಿಡುವಿಲ್ಲದೆ ಬಿಗಿದಿರುತ್ತವೆ. ಬಿಗಿದ ಸ್ನಾಯುವಿಗೆ ರಕ್ತಸಂಚಾರ ಕಡಿಮೆಯಾಗಿ ಅದು ದಣಿದು ನೋಯುತ್ತದೆ.

3. ಸಿಂಪರಣಾ ಯಂತ್ರ: ಬೆನ್ನಿಗೆ ಹಾಕುವ 16 ಲೀಟರಿನ ಟ್ಯಾಂಕಿನಲ್ಲಿ ನೀರಿನ ತೂಕವೇ 16 ಕಿಲೋ. ಅದರ ಪಟ್ಟಿಗಳು ಹೆಗಲನ್ನು ಕೆಳಕ್ಕೆ ಎಳೆಯುತ್ತವೆ. ಕುತ್ತಿಗೆಯಿಂದ ಹೆಗಲಿಗೆ ಹರಡಿದ ಸ್ನಾಯುವಿನ ಮೇಲೆಯೇ ಈ ಎಳೆತ ಬೀಳುತ್ತದೆ. ಒಂದು ಕೈಯಲ್ಲಿ ಪಂಪಿನ ಹಿಡಿ ಒತ್ತುತ್ತಾ ಮತ್ತೊಂದು ಕೈಯಲ್ಲಿ ನಳಿಕೆ ಹಿಡಿಯುವುದರಿಂದ ಎರಡು ಪಕ್ಕಗಳಿಗೆ ಒಂದೇ ಸಮನಾದ ಶ್ರಮವಿರುವುದಿಲ್ಲ.

4. ಟ್ರ್ಯಾಕ್ಟರ್ ಚಾಲನೆ: ನೇಗಿಲು ಸರಿಯಾಗಿ ಇಳಿದಿದೆಯೇ ಎಂದು ನೋಡಲು ಚಾಲಕ ಮತ್ತೆ ಮತ್ತೆ ಕತ್ತು ತಿರುಗಿಸುತ್ತಾನೆ. ಇದರ ಜೊತೆಗೆ ಆಸನದ ಕುಲುಕಾಟವೂ ಸೇರುತ್ತದೆ. ಯಾವಾಗಲೂ ಒಂದೇ ಕಡೆಗೆ ತಿರುಗಿ ನೋಡುವ ಅಭ್ಯಾಸವಿದ್ದವರಿಗೆ ಆ ಕಡೆ ನೋವು ಹೆಚ್ಚು.

5. ಮೇಲೆ ನೋಡಿ ಮಾಡುವ ಕೆಲಸ: ತೆಂಗು, ಅಡಿಕೆ, ಮಾವು ಕೀಳುವಾಗ ಕತ್ತು ಹಿಂದಕ್ಕೆ ಬಹಳ ಹೊತ್ತು ಬಾಗಿರುತ್ತದೆ. ಇದರಿಂದ ಹಿಂಭಾಗದ ಕೀಲುಗಳು ಒತ್ತಲ್ಪಡುತ್ತವೆ ಮತ್ತು ನರ ಹೊರಬರುವ ಕಿಂಡಿ ಕಿರಿದಾಗುತ್ತದೆ.

6. ಇತರ ಕಾರಣಗಳು: ಎತ್ತರದ ದಿಂಬು, ಮಲಗಿಕೊಂಡು ಮೊಬೈಲ್ ನೋಡುವುದು, ಬೀಡಿ ಸಿಗರೇಟಿನ ಸೇವನೆ, ಹಿಂದೆ ಬಿದ್ದಾಗ ಆದ ಪೆಟ್ಟು ಮತ್ತು ಕೀಲುವಾತ. ನಿದ್ರೆಗೇಡು ಹಾಗೂ ಮನಸ್ಸಿನ ಚಿಂತೆಯಿಂದಲೂ ನೋವು ಹೆಚ್ಚಾಗಿ ಬಹಳ ಕಾಲ ಉಳಿಯುತ್ತದೆ. ಸಾಲದ ಕಂತು ತಲೆಯಲ್ಲಿರುವಾಗ ಕುತ್ತಿಗೆ ಬಿಗಿಯುವುದು ಬರಿಯ ಮಾತಲ್ಲ.

'ಸವೆತ' ಎಂಬ ವರದಿಗೆ ಹೆದರಬೇಕೇ?

ವಯಸ್ಸಾದಂತೆ ಬಿಲ್ಲೆಗಳಲ್ಲಿನ ನೀರಿನಂಶ ಕಡಿಮೆಯಾಗಿ ಅವು ತೆಳುವಾಗುತ್ತವೆ. ಮಣಿಗಳ ಅಂಚಿನಲ್ಲಿ ಮೂಳೆ ಸ್ವಲ್ಪ ಬೆಳೆಯುತ್ತದೆ. ಇದಕ್ಕೇ ಸ್ಪಾಂಡಿಲೋಸಿಸ್ ಎಂದು ಹೆಸರು. ತಲೆಕೂದಲು ನರೆಯುವಂತೆ ಇದೂ ವಯಸ್ಸಿನ ಗುರುತು. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,200ಕ್ಕೂ ಹೆಚ್ಚು ಜನರ ಕುತ್ತಿಗೆಯ ಎಂ.ಆರ್.ಐ. ತೆಗೆದು ಪರೀಕ್ಷಿಸಿದಾಗ ನೂರಕ್ಕೆ 87ಕ್ಕಿಂತ ಹೆಚ್ಚು ಜನರಲ್ಲಿ ಬಿಲ್ಲೆ ಉಬ್ಬಿರುವುದು ಕಂಡುಬಂದಿತು. ಈ ವರದಿ 2015ರಲ್ಲಿ ಪ್ರಕಟವಾಯಿತು. ಇವರಾರಿಗೂ ಕುತ್ತಿಗೆ ನೋವಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಇದರ ಅರ್ಥ ಇಷ್ಟೆ: ಚಿತ್ರದಲ್ಲಿ ಸವೆತ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ಹೇಳಲಾಗದು. ಎಲೆ ಹಳದಿಯಾದುದನ್ನು ಕಂಡ ಕೂಡಲೇ ಯೂರಿಯಾ ಹಾಕುವುದಿಲ್ಲ. ಮಣ್ಣು, ನೀರು, ಬೇರು ಎಲ್ಲವನ್ನೂ ನೋಡುತ್ತೇವೆ. ಹಾಗೆಯೇ ವೈದ್ಯರು ರೋಗಿಯ ಕೈಬಲ, ಸ್ಪರ್ಶಜ್ಞಾನ, ನಡಿಗೆ ಇವುಗಳನ್ನು ಪರೀಕ್ಷಿಸಿದ ಮೇಲೆಯೇ ಚಿತ್ರಕ್ಕೆ ಬೆಲೆ. ಅವರು ಬೇಕೆಂದು ಹೇಳದೆ ಕುರಿ ಮಾರಿ, ಸಾಲ ಮಾಡಿ ಎಂ.ಆರ್.ಐ. ಮಾಡಿಸುವ ಅಗತ್ಯವಿಲ್ಲ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮುಂದೆ ಹೇಳುವ ಮನೆಯ ಉಪಾಯಗಳು ಕೆಳಗಿನ ಲಕ್ಷಣಗಳಿದ್ದವರಿಗೆ ಅಲ್ಲ. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು.

ಅ) ನಡೆಯುವಾಗ ಕಾಲು ತೊಡರುವುದು, ಬದುವಿನ ಮೇಲೆ ಸಮತೋಲ ತಪ್ಪುವುದು, ಅಂಗಿಯ ಗುಂಡಿ ಹಾಕಲು ಅಥವಾ ಅನ್ನ ಕಲಸಲು ಬೆರಳು ಬಾರದಿರುವುದು, ಮಲಮೂತ್ರದ ಹಿಡಿತ ತಪ್ಪುವುದು. ಇವು ಬೆನ್ನುಹುರಿಯೇ ಒತ್ತಲ್ಪಟ್ಟಿರುವ ಸೂಚನೆಗಳು. ಇಂಥವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಡವಾದರೆ ಕಳೆದುಹೋದ ಶಕ್ತಿ ಪೂರ್ತಿ ಮರಳದೆ ಇರಬಹುದು.

ಆ) ಕೈಯ ಬಲ ದಿನದಿಂದ ದಿನಕ್ಕೆ ಕುಗ್ಗುವುದು.

ಇ) ಮರದಿಂದ, ಅಟ್ಟದಿಂದ ಅಥವಾ ವಾಹನದಿಂದ ಬಿದ್ದ ಮೇಲೆ ಬಂದ ನೋವು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ತಲೆ ಕುತ್ತಿಗೆ ಅಲುಗದಂತೆ ಹಿಡಿದು, 108 ವಾಹನವನ್ನು ಕರೆಸಿ, ಹಲಗೆಯ ಮೇಲೆ ಸಾಗಿಸಬೇಕು.

ಈ) ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ವಿಶ್ರಾಂತಿಯಲ್ಲಿಯೂ ರಾತ್ರಿಯಿಡೀ ಬಿಡದ ನೋವು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧಿ ದೊರೆಯುತ್ತದೆ.

ಉ) ಎದೆ ಬಿಗಿತ, ಬೆವರು, ಏದುಸಿರಿನ ಜೊತೆಗೆ ಕುತ್ತಿಗೆ, ದವಡೆ, ಎಡಗೈಗೆ ಹರಿಯುವ ನೋವು. ಇದು ಹೃದಯದ ನೋವಾಗಿರಬಹುದು.

ಶಸ್ತ್ರಚಿಕಿತ್ಸೆ ಇಲ್ಲದ ಪರಿಹಾರ ಕ್ರಮಗಳು

ಮೇಲಿನ ಲಕ್ಷಣಗಳಿಲ್ಲದಿದ್ದರೆ ಧೈರ್ಯವಾಗಿರಬಹುದು. ಕೈಗೆ ಇಳಿಯುವ ನರದ ನೋವು ಸಹ ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಕಡಿಮೆಯಾಗುತ್ತದೆ.

1. ಕೆಲಸದ ಕ್ರಮದಲ್ಲಿ ಬದಲಾವಣೆ

ಪೂರ್ತಿ ವಿಶ್ರಾಂತಿ ಬೇಡ. ಹಾಸಿಗೆ ಹಿಡಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ನೋವು ಹೆಚ್ಚಿಸುವ ಕೆಲಸವನ್ನು ಕಡಿಮೆ ಮಾಡಿ, ಉಳಿದ ಕೆಲಸ ಮುಂದುವರಿಸಬೇಕು.

ಹೊರೆಯನ್ನು ಹಗುರ ಮಾಡಬೇಕು. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದು, ಹೆಂಗಸರಿಗೆ ಇದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಇದು ಆರೋಗ್ಯವಂತರಿಗೆ ಹೇಳಿದ ಮೇಲಿನ ಮಿತಿಯೇ ಹೊರತು ನೋವಿದ್ದವರಿಗೆ ಅಲ್ಲ. ಯೂರಿಯಾ ಚೀಲದ ತೂಕವನ್ನು 2018ರಿಂದ 50 ಕಿಲೋ ಬದಲು 45 ಕಿಲೋಗೆ ಇಳಿಸಲಾಗಿದೆ. ಆದರೆ ಮನೆಯಲ್ಲಿ ನಾವೇ ತುಂಬುವ ರಾಗಿ, ಭತ್ತದ ಮೂಟೆಗಳ ತೂಕ ನಮ್ಮ ಕೈಯಲ್ಲೇ ಇದೆ. ಒಂದು ಮೂಟೆಯ ಬದಲು ಎರಡು ಅರೆಮೂಟೆ ಮಾಡಿದರೆ ಹೆಚ್ಚು ಖರ್ಚಾಗುವುದು ಒಂದು ಖಾಲಿ ಚೀಲ ಮಾತ್ರ. ಬಂಡೀಪಾಳ್ಯದ ಮಾರುಕಟ್ಟೆಗೆ ಹೋಗುವ ಮಾಲನ್ನು ಹೀಗೆ ತುಂಬಿದರೆ ಅಲ್ಲಿ ಇಳಿಸುವ ಹಮಾಲರ ಕುತ್ತಿಗೆಗೂ ಉಪಕಾರ.

ಇನ್ನು ಕೆಲವು ಸುಲಭ ಬದಲಾವಣೆಗಳು:

— ಹುಲ್ಲು, ಗೊಬ್ಬರ, ನೀರನ್ನು ಸಾಧ್ಯವಿದ್ದಷ್ಟೂ ತಳ್ಳುಗಾಡಿಯಲ್ಲಿ ಸಾಗಿಸಿ. ಹೊರಲೇಬೇಕಾದರೆ ದಪ್ಪನಾದ ಸಿಂಬಿ ಇಟ್ಟು, ಹೊರೆಯನ್ನು ನಡುನೆತ್ತಿಗೆ ತನ್ನಿ. ಎತ್ತಲು, ಇಳಿಸಲು ಇಬ್ಬರು ಕೈ ಹಾಕಬೇಕು.
— ನಾಟಿ, ಕಳೆ, ವಿಂಗಡಣೆಯ ಕೆಲಸದಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಹೆಗಲನ್ನು ಹಿಂದಕ್ಕೆ ಸರಿಸಿ, ಎರಡು ನಿಮಿಷ ದೂರ ನೋಡಿ. ಸಾಲುನಾಟಿ ಮಾಡಿದ ಗದ್ದೆಯಲ್ಲಿ ನಿಂತು ತಳ್ಳುವ ಕಳೆಯಂತ್ರ ಬಳಸಬಹುದು.
— ಹೊಗೆಸೊಪ್ಪಿನ ವಿಂಗಡಣೆಯನ್ನು ನೆಲದ ಮೇಲೆ ಮಾಡುವ ಬದಲು ಮೊಣಕೈ ಎತ್ತರದ ಹಲಗೆಯ ಮೇಲೆ ಮಾಡಿ.
— ಸಿಂಪರಣೆಗೆ ಟ್ಯಾಂಕನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಪಟ್ಟಿಗೆ ಅಗಲವಾದ ಮೆತ್ತೆ ಹಾಕಿ.
— ಟ್ರ್ಯಾಕ್ಟರಿಗೆ ಎರಡು ಬದಿಯಲ್ಲೂ ಹಿನ್ನೋಟದ ಕನ್ನಡಿ ಹಾಕಿಸಿ. ತಿರುಗಲೇಬೇಕಾದಾಗ ಕತ್ತನ್ನು ಮಾತ್ರವಲ್ಲದೆ ಎದೆಯನ್ನೂ ತಿರುಗಿಸಿ.
— ಮಲಗುವಾಗ ತಲೆ ಬೆನ್ನಿನ ನೇರಕ್ಕೆ ಇರುವಷ್ಟೇ ದಿಂಬು ಸಾಕು. ಬೋರಲು ಮಲಗಬಾರದು.

2. ವ್ಯಾಯಾಮ

ಹೊಲದ ಕೆಲಸವೇ ವ್ಯಾಯಾಮವಲ್ಲವೇ ಎಂದು ರೈತರು ಕೇಳುತ್ತಾರೆ. ಹೊಲದ ಕೆಲಸ ಕೆಲವೇ ಸ್ನಾಯುಗಳನ್ನು ಮತ್ತೆ ಮತ್ತೆ ದುಡಿಸುತ್ತದೆ. ಕುತ್ತಿಗೆಯ ಮುಂಭಾಗದ ಒಳಸ್ನಾಯುಗಳೂ, ಬೆನ್ನಿನ ಮೇಲ್ಭಾಗದ ಸ್ನಾಯುಗಳೂ ಬಲಹೀನವಾಗಿಯೇ ಉಳಿಯುತ್ತವೆ. ಫಿನ್ಲೆಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ನೌಕರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷ ಕ್ರಮವಾಗಿ ಬಲವರ್ಧನೆಯ ವ್ಯಾಯಾಮ ಮಾಡಿದವರ ನೋವು, ಬರಿಯ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಈ ನೋವಿಗೆ ಹೆಚ್ಚು ಕಾಲ ಬಾಳುವ ಪರಿಹಾರ ವ್ಯಾಯಾಮವೇ.

ಕೆಳಗಿನ ನಾಲ್ಕನ್ನು ಬೆಳಿಗ್ಗೆ ಮತ್ತು ಸಂಜೆ ಮಾಡಬಹುದು.

ಅ) ಗದ್ದ ಹಿಂದಕ್ಕೆ ಎಳೆಯುವುದು: ನೆಟ್ಟಗೆ ಕುಳಿತು, ತಲೆ ಬಗ್ಗಿಸದೆ, ಗದ್ದವನ್ನು ನೇರವಾಗಿ ಹಿಂದಕ್ಕೆ ಸರಿಸಿ. 5 ಎಣಿಸುವವರೆಗೆ ಹಿಡಿದು ಬಿಡಿ. 10 ಸಲ.

ಆ) ಅಂಗೈ ಒತ್ತು: ಅಂಗೈಯನ್ನು ಹಣೆಗೆ ಇಟ್ಟು, ತಲೆ ಅಲುಗದಂತೆ, ಹಣೆಯಿಂದ ಕೈಯನ್ನೂ ಕೈಯಿಂದ ಹಣೆಯನ್ನೂ ಒತ್ತಿ. 5 ಎಣಿಸಿ ಬಿಡಿ. ಇದೇ ರೀತಿ ತಲೆಯ ಹಿಂಭಾಗ, ಎಡ, ಬಲ. ಪ್ರತಿ ದಿಕ್ಕಿಗೆ 5 ಸಲ. ಮೊದಲ ವಾರ ಮೆಲ್ಲಗೆ ಒತ್ತಿ, ಅನಂತರ ಬಲ ಹೆಚ್ಚಿಸಿ.

ಇ) ಹೆಗಲು ಹಿಂದಕ್ಕೆ: ಬೆನ್ನಿನ ಎರಡು ಹಲಗೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವಂತೆ ಹೆಗಲನ್ನು ಹಿಂದಕ್ಕೆಳೆದು 5 ಎಣಿಸಿ. 10 ಸಲ.

ಈ) ನಿಧಾನ ತಿರುವು: ಕತ್ತನ್ನು ಎಡಕ್ಕೆ, ಬಲಕ್ಕೆ ನೋವಿಲ್ಲದಷ್ಟು ಮಾತ್ರ ತಿರುಗಿಸಿ. 10 ಸಲ. ಗಿರ್ರನೆ ಸುತ್ತು ಹಾಕಬಾರದು.

ಆರಂಭದಲ್ಲಿ ಸ್ವಲ್ಪ ಸೆಳೆತ ಸಹಜ. ಕೈಯಲ್ಲಿ ಜೋಮು ಹೆಚ್ಚಾದರೆ ನಿಲ್ಲಿಸಿ, ಫಿಸಿಯೋಥೆರಪಿ ತಜ್ಞರಿಗೆ ತೋರಿಸಬೇಕು. ಫಲ ಕಾಣಲು 6ರಿಂದ 12 ವಾರ ಬೇಕು. ಬಿತ್ತಿದ ಮರುದಿನವೇ ತೆನೆ ನೋಡಲಾಗುವುದಿಲ್ಲ.

3. ಶಾಖ ಮತ್ತು ಮಾಲೀಸು

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 15 ನಿಮಿಷ ಶಾಖ ಕೊಟ್ಟರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಎಣ್ಣೆ ಹಚ್ಚಿ ಮೃದುವಾಗಿ ನೀವುವುದೂ ಹಿತ ಕೊಡುತ್ತದೆ. ಇವು ತಾತ್ಕಾಲಿಕ ಉಪಶಮನಗಳು. ಇವುಗಳ ಬೆನ್ನಿಗೇ ವ್ಯಾಯಾಮ ಮಾಡಿದರೆ ಪ್ರಯೋಜನ ಹೆಚ್ಚು.

4. ಔಷಧಿಗಳು

ನೋವು ತೀವ್ರವಾಗಿದ್ದಾಗ ವೈದ್ಯರು ಕೆಲವು ದಿನಗಳ ಮಟ್ಟಿಗೆ ನೋವುನಿವಾರಕ ಕೊಡುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಆಗಬಹುದು. ಬಿಸಿಲಿನಲ್ಲಿ ದುಡಿದು, ನೀರು ಕಡಿಮೆ ಕುಡಿಯುವವರಿಗೆ ಈ ಅಪಾಯ ಹೆಚ್ಚು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ಮೊದಲೇ ವೈದ್ಯರಿಗೆ ತಿಳಿಸಬೇಕು. ನರದ ನೋವಿಗೆ ಬೇರೆಯೇ ಔಷಧಿಗಳಿವೆ. ಅವುಗಳಿಂದ ತೂಕಡಿಕೆ ಬರುವುದರಿಂದ ಟ್ರ್ಯಾಕ್ಟರ್ ಓಡಿಸಬಾರದು.

5. ಪಟ್ಟಿ, ಎಳೆತ ಮತ್ತು ಚುಚ್ಚುಮದ್ದು

ಕುತ್ತಿಗೆ ಪಟ್ಟಿಯನ್ನು ತೀವ್ರ ನೋವಿನ ಕೆಲವು ದಿನಗಳಲ್ಲಿ ಮಾತ್ರ, ವೈದ್ಯರು ಹೇಳಿದಷ್ಟು ಕಾಲ ಹಾಕಬೇಕು. ತಿಂಗಳುಗಟ್ಟಲೆ ಹಾಕಿದರೆ ಆಸರೆಗೆ ಒಗ್ಗಿದ ಬಳ್ಳಿಯಂತೆ ಸ್ನಾಯು ತನ್ನ ಬಲ ಕಳೆದುಕೊಳ್ಳುತ್ತದೆ. ಯಂತ್ರದಿಂದ ಕತ್ತು ಎಳೆಯುವ ಚಿಕಿತ್ಸೆ ನರದ ನೋವಿದ್ದ ಕೆಲವರಿಗೆ ಸಹಾಯವಾಗುತ್ತದೆ, ಎಲ್ಲರಿಗೂ ಅಲ್ಲ. ಕೈನೋವು ವಾರಗಟ್ಟಲೆ ಬಿಡದಿದ್ದರೆ ನರದ ಬೇರಿನ ಬಳಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಇದನ್ನು ಯಂತ್ರದಲ್ಲಿ ನೋಡಿಕೊಂಡು, ಪರಿಣತ ತಜ್ಞರೇ ಕೊಡಬೇಕು.

6. ಆಯುರ್ವೇದ ಮತ್ತು ಯೋಗ

ಮೈಸೂರಿಗೆ ಈ ಎರಡರಲ್ಲೂ ಹಳೆಯ ಹೆಸರಿದೆ. ಇಲ್ಲಿಯ ಸರ್ಕಾರಿ ಆಯುರ್ವೇದ ಕಾಲೇಜು 1908ರಲ್ಲಿ ಆರಂಭವಾಯಿತು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗ ಕಲಿಸಿದರು. ಎಣ್ಣೆಯ ಅಭ್ಯಂಗ, ಕುತ್ತಿಗೆಯ ಮೇಲೆ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಗ್ರೀವಾಬಸ್ತಿ ಇವುಗಳನ್ನು ಅರ್ಹ ವೈದ್ಯರಲ್ಲಿಯೇ ಮಾಡಿಸಿಕೊಳ್ಳಬೇಕು. ಯೋಗದ ಸರಳ ಆಸನಗಳು ನೋವು ಕಡಿಮೆ ಮಾಡಲು ಸಹಾಯಕ. ಆದರೆ ಕುತ್ತಿಗೆ ನೋವಿದ್ದವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳನ್ನು ಮಾಡಬಾರದು.

ಕತ್ತಿನ ನೆಟಿಕೆ ತೆಗೆಸಬಾರದು

ಕ್ಷೌರವಾದ ಮೇಲೆ ಕತ್ತನ್ನು ಎರಡು ಕಡೆಗೂ ಫಟ್ಟನೆ ತಿರುಗಿಸಿ ನೆಟಿಕೆ ತೆಗೆಯುವ ಪದ್ಧತಿ ನಮ್ಮಲ್ಲಿದೆ. ಆ ಗಳಿಗೆಗೆ ಹಾಯೆನಿಸಿದರೂ ಇದು ಅಪಾಯಕಾರಿ. ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳೂ, ಉಸಿರಾಟದ ವಪೆಯನ್ನು ನಡೆಸುವ ನರಕ್ಕೆ ಪೆಟ್ಟಾಗಿ ಉಸಿರಾಟದ ತೊಂದರೆ ಬಂದ ಉದಾಹರಣೆಗಳೂ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಇಂಥವು ವಿರಳ. ಆದರೂ ಒಂದು ಕ್ಷಣದ ಹಿತಕ್ಕೆ ಇಷ್ಟು ದೊಡ್ಡ ಅಪಾಯ ಬೇಡ.

ಎಲ್ಲಿ ತೋರಿಸಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿಯ ವೈದ್ಯರು ಅಗತ್ಯವೆಂದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಇದು 1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಕೇಳುವುದರಿಂದ, ಈ ಕ್ರಮದಲ್ಲಿ ಹೋದರೆ ಖರ್ಚೂ ಉಳಿಯುತ್ತದೆ. ಹೋಗುವಾಗ ನೋವು ಯಾವಾಗ ಆರಂಭವಾಯಿತು, ಯಾವ ಕೆಲಸದಿಂದ ಹೆಚ್ಚುತ್ತದೆ, ಯಾವ ಮಾತ್ರೆ ಎಷ್ಟು ದಿನ ನುಂಗಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ.

ಹಂಗಾಮಿಗೆ ಮುಂಚಿನ ಸಿದ್ಧತೆ

ಬೇಸಿಗೆಯಲ್ಲಿ ಎರಡು ತಿಂಗಳು ಕೆಲಸ ಕಡಿಮೆಯಿದ್ದು, ನಾಟಿ ಬಂದೊಡನೆ ಒಮ್ಮೆಗೇ ದಿನಕ್ಕೆ ಎಂಟು ಗಂಟೆ ಬಗ್ಗುವುದರಿಂದಲೇ ಅನೇಕರಿಗೆ ಹಳೆಯ ನೋವು ಮರುಕಳಿಸುತ್ತದೆ. ಜುಲೈ–ಆಗಸ್ಟಿನಲ್ಲಿ ಭತ್ತದ ನಾಟಿ ಇರುವವರು ಮೇ ಕೊನೆಯಿಂದಲೇ ಮೇಲಿನ ವ್ಯಾಯಾಮ ಆರಂಭಿಸಿದರೆ ಆರರಿಂದ ಎಂಟು ವಾರದಲ್ಲಿ ಸ್ನಾಯುಗಳು ಸಿದ್ಧವಾಗಿರುತ್ತವೆ. ನೇಗಿಲು, ಕುಂಟೆ, ನೊಗ ಇವುಗಳನ್ನು ದುರಸ್ತಿ ಮಾಡಿಸುವ ದಿನಗಳಲ್ಲಿಯೇ ಸಿಂಪರಣಾ ಯಂತ್ರದ ಪಟ್ಟಿಗೆ ಮೆತ್ತೆ ಹೊಲಿಸಿ, ತಳ್ಳುಗಾಡಿಯ ಚಕ್ರ ಸರಿಪಡಿಸಿ, ಟ್ರ್ಯಾಕ್ಟರಿನ ಕನ್ನಡಿ ಹಾಕಿಸಿಟ್ಟುಕೊಳ್ಳಿ. ನಾಟಿಯ ಮೊದಲ ಮೂರು ದಿನ ಅರ್ಧ ದಿನದ ಕೆಲಸ ಮಾಡಿ, ಅನಂತರ ಹೆಚ್ಚಿಸಿ. ಮನೆಯ ಹೆಂಗಸರಿಗೂ ಇದೇ ಬಿಡುವು, ಇದೇ ವ್ಯಾಯಾಮ ದೊರೆಯುವಂತೆ ನೋಡಿಕೊಳ್ಳುವುದು ಮನೆಯ ಯಜಮಾನನ ಹೊಣೆ.